ಓದುಗರ ಪ್ರಶ್ನೆ: ಬೋರಿನಲ್ಲಿ ಯೂರಿಯಾ, ಕೆರೆಯಲ್ಲಿ ಕಸದ ಎಣ್ಣೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕುಡಿಯುವ ನೀರಿನವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಬೋರಿನ ನೀರು ಪರೀಕ್ಷೆ ಮಾಡಿಸಿದಾಗ ನೈಟ್ರೇಟ್ 78 ಬಂತು. ಮನೆಯಲ್ಲಿ ನಾಲ್ಕು ತಿಂಗಳ ಕೂಸಿದೆ. ಡಬ್ಬಿ ಹಾಲು ಕಲಸಲು ಇದೇ ನೀರನ್ನು ಚೆನ್ನಾಗಿ ಕುದಿಸಿ ಬಳಸುತ್ತಿದ್ದೇವೆ. ಸಾಕೇ? (ಅಥಣಿ ತಾಲ್ಲೂಕು)

ಉತ್ತರ: ಸಾಲದು. ಕುದಿಸಿದಷ್ಟೂ ಕೆಡುತ್ತದೆ. ನೈಟ್ರೇಟ್ ಉಪ್ಪಿನಂತೆ ನೀರಿನಲ್ಲಿ ಕರಗಿರುತ್ತದೆ, ಆವಿಯಾಗಿ ಹೋಗುವುದಿಲ್ಲ. ಒಂದು ಲೀಟರ್ ನೀರು ಕುದ್ದು ಮುಕ್ಕಾಲು ಲೀಟರಿಗೆ ಇಳಿದರೆ 78 ಇದ್ದದ್ದು 104 ಆಗುತ್ತದೆ. ಭಾರತೀಯ ಮಾನಕದ (ಐಎಸ್ 10500) ಪ್ರಕಾರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬೇರೆ ನೀರಿಲ್ಲದ ಊರಿಗೆ ಕೆಲವು ಅಂಶಗಳಲ್ಲಿ ಸಡಿಲಿಕೆ ಉಂಟು, ನೈಟ್ರೇಟಿಗೆ ಇಲ್ಲ.

ಆರು ತಿಂಗಳೊಳಗಿನ ಕೂಸಿನ ಹೊಟ್ಟೆಯಲ್ಲಿ ನೈಟ್ರೇಟ್ ಸುಲಭವಾಗಿ ನೈಟ್ರೈಟ್ ಆಗಿ, ರಕ್ತ ಆಮ್ಲಜನಕ ಹೊರುವುದನ್ನು ತಡೆಯುತ್ತದೆ. ತುಟಿ, ಉಗುರು ನೀಲಿಗಟ್ಟಿದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ, ‘ನೀರಿನಲ್ಲಿ ನೈಟ್ರೇಟ್ ಇದೆ’ ಎಂದು ವೈದ್ಯರಿಗೆ ಮೊದಲೇ ಹೇಳಿ. ತಾಯಿಯ ಹಾಲು ಕುಡಿಯುವ ಕೂಸಿಗೆ ಈ ಭಯವಿಲ್ಲ. ತಾಯಿ ಈ ನೀರು ಕುಡಿದರೂ ನೈಟ್ರೇಟ್ ಎದೆಹಾಲಿಗೆ ಹೆಚ್ಚಾಗಿ ಇಳಿಯುವುದಿಲ್ಲ. ಡಬ್ಬಿ ಹಾಲೇ ಗತಿಯೆಂದಾದರೆ ಆರ್‌ಒ (ಊರಿನ ಶುದ್ಧ ನೀರಿನ ಘಟಕದ) ನೀರು ತನ್ನಿ. ಅದನ್ನೂ ಪರೀಕ್ಷಿಸಬೇಕು, ಏಕೆ ಎನ್ನುವುದು ಕೊನೆಯ ಉತ್ತರದಲ್ಲಿದೆ.

ವರದಿಯಲ್ಲಿ ಒಂದು ಸಾಲು ಮತ್ತೆ ನೋಡಿ. ‘ನೈಟ್ರೇಟ್’ ಎಂದಿದೆಯೋ, ‘ನೈಟ್ರೇಟ್ ನೈಟ್ರೋಜನ್’ ಎಂದಿದೆಯೋ? ಎರಡನೆಯದಾದರೆ ಅಂಕಿಯನ್ನು 4.43ರಿಂದ ಗುಣಿಸಬೇಕು. ‘12 ಬಂದಿದೆ, ಚಿಂತೆಯಿಲ್ಲ’ ಎಂದು ಸುಮ್ಮನಿದ್ದವರ ನೀರು ನಿಜಕ್ಕೂ 53 ಇರಬಹುದು.

ಪ್ರಶ್ನೆ: ನಮ್ಮೂರ ಸುತ್ತ ಕಬ್ಬು. ಊರ ಬೋರಿನಲ್ಲಿ ನೈಟ್ರೇಟ್ ಹೆಚ್ಚು ಎಂದಕೂಡಲೇ ಎಲ್ಲರೂ ಹೊಲದವರನ್ನು ಬೈಯುತ್ತಾರೆ. ಯೂರಿಯಾದಿಂದಲೇ ಬಂದದ್ದು ಎಂದು ಹೇಗೆ ತಿಳಿಯುವುದು? (ಮುಧೋಳ ತಾಲ್ಲೂಕು)

ಉತ್ತರ: ಮೊದಲು ತಿಪ್ಪೆ ನೋಡಿ, ಆಮೇಲೆ ಹೊಲ. ಊರೊಳಗಿನ ಬೋರಿನಿಂದ ಇಪ್ಪತ್ತು ಹೆಜ್ಜೆಯಲ್ಲಿ ತಿಪ್ಪೆಗುಂಡಿ, ಆಚೆ ದನದ ಕೊಟ್ಟಿಗೆ, ಈಚೆ ಶೌಚದ ಗುಂಡಿ ಇರುವ ಊರುಗಳೇ ಜಾಸ್ತಿ. ಸಗಣಿ, ಗಂಜಲ, ಮಲ ಎಲ್ಲದರಲ್ಲೂ ಸಾರಜನಕವಿದೆ, ಅದೂ ಕೊನೆಗೆ ನೈಟ್ರೇಟೇ ಆಗುತ್ತದೆ. ಸಾವಯವ ಎಂಬ ಹೆಸರಿದ್ದ ಮಾತ್ರಕ್ಕೆ ತಿಪ್ಪೆಗೆ ರಿಯಾಯಿತಿ ಇಲ್ಲ.

ಒಂದೇ ದಿನ ಮೂರು ಕಡೆ ನೀರು ಹಿಡಿಯಿರಿ: ಊರ ಬೋರು, ಊರಿಗಿಂತ ಏರಿನಲ್ಲಿರುವ ಹೊಲದ ಬೋರು, ಇಳಿಜಾರಿನ ಹೊಲದ ಬೋರು. ಪ್ರತಿ ಬೋರನ್ನೂ ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಹಿಡಿಯಿರಿ. ಶುದ್ಧ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಎರಡು ದಿನದೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಿ. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ಒಯ್ದರೆ ಸೂಕ್ಷ್ಮಜೀವಿಗಳು ನೈಟ್ರೇಟಿನ ಅಂಕಿಯನ್ನೇ ಬದಲಿಸಿಬಿಡುತ್ತವೆ. ನೈಟ್ರೇಟ್ ಜತೆಗೆ ಕ್ಲೋರೈಡ್, ಪೊಟ್ಯಾಶಿಯಂ, ಇ-ಕೊಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಬರೆಸಿ. ಇ-ಕೊಲಿಗೆ ಮಾತ್ರ ಪ್ರಯೋಗಾಲಯದ ಕ್ರಿಮಿಶುದ್ಧ ಬಾಟಲಿಯನ್ನು ತೊಳೆಯದೆ ತುಂಬಿ, ಒಂದು ದಿನದೊಳಗೆ ಮುಟ್ಟಿಸಿ. ಊರ ಬೋರಿನಲ್ಲಿ ಮಾತ್ರ ನಾಲ್ಕೂ ಏರಿದ್ದರೆ ತಿಪ್ಪೆ, ಶೌಚದ ಗುಂಡಿಗಳೇ ಕಾರಣ. ಹೊಲದ ಬೋರುಗಳಲ್ಲೂ ನೈಟ್ರೇಟ್ ಹೆಚ್ಚಿದ್ದು ಇ-ಕೊಲಿ ಇಲ್ಲದಿದ್ದರೆ ಗೊಬ್ಬರದ ಪಾಲು ದೊಡ್ಡದು. ಗ್ರಾಮ ಪಂಚಾಯ್ತಿಯ ಫೀಲ್ಡ್ ಕಿಟ್‌ನಲ್ಲಿ ನೈಟ್ರೇಟ್, ಕ್ಲೋರೈಡ್ ಅಂದಾಜು ಸಿಗುತ್ತದೆ. ಮಲದ ಸಂಪರ್ಕ ತಿಳಿಯಲು ಎಚ್2ಎಸ್ ಬಾಟಲಿ ಸಾಕು. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟಾಗ ಒಂದೆರಡು ದಿನದೊಳಗೆ ಕಪ್ಪಾದರೆ ಸಂಪರ್ಕವಿದೆ ಎಂದರ್ಥ.

ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಬೋರಿನ ನೀರು ಮಬ್ಬಾದರೆ, ವಾಸನೆ ಬಂದರೆ, ನೀರು ಕೇಸಿಂಗ್ ಪೈಪಿನ ಹೊರಮೈ ಹಿಡಿದು ಇಳಿಯುತ್ತಿದೆ. ಕೇಸಿಂಗಿನ ಸುತ್ತ ಮೂರು ಅಡಿ ಆಳ ಅಗೆದು ಸಿಮೆಂಟ್ ಗಾರೆ ತುಂಬಿ, ಮೇಲೆ ಹೊರಕ್ಕೆ ಇಳಿಜಾರಾದ ಕಟ್ಟೆ ಹಾಕಿ. ಎರೆ ಮಣ್ಣನ್ನೇ ಬಡಿದು ತುಂಬುವವರಿದ್ದಾರೆ. ಮಳೆಗಾಲದಲ್ಲಿ ಅದು ಉಬ್ಬಿ ಮುಚ್ಚಿಕೊಳ್ಳುತ್ತದೆ ನಿಜ, ಬೇಸಿಗೆಯಲ್ಲಿ ಬಿರಿಯುತ್ತದೆ, ಮೊದಲ ಮಳೆಯ ಕೊಳಕು ನೇರ ಒಳಗೆ. ತಿಪ್ಪೆಯನ್ನು ಬೋರಿನಿಂದ ಕನಿಷ್ಠ 30 ಮೀಟರ್ ದೂರ, ಅದೂ ಇಳಿಜಾರಿನ ಕಡೆಗೆ ಸಾಗಿಸಿ. ಲೋಕಾಪುರದ ಸುತ್ತಿನ ಸುಣ್ಣಕಲ್ಲಿನ ನೆಲದಲ್ಲಿ ನೀರು ಬಿರುಕುಗಳಲ್ಲಿ ದೂರ ಓಡುತ್ತದೆ, ಅಲ್ಲಿ 30 ಮೀಟರನ್ನೂ ನಂಬಬೇಡಿ.

ಪ್ರಶ್ನೆ: ಕಬ್ಬಿಗೆ ಎಕರೆಗೆ ಎಂಟು ಚೀಲ ಯೂರಿಯಾ ಹಾಕುತ್ತೇವೆ. ಕಡಿಮೆ ಮಾಡಿದರೆ ಟನ್ನೇಜ್ ಬೀಳುವುದಿಲ್ಲವೇ? (ರಾಯಬಾಗ ತಾಲ್ಲೂಕು)

ಉತ್ತರ: 45 ಕೆಜಿ ಚೀಲದಲ್ಲಿ ಸಾರಜನಕ 20.7 ಕೆಜಿ. ಎಂಟು ಚೀಲಕ್ಕೆ 165 ಕೆಜಿ ಆಯಿತು. ನಮ್ಮ ಭಾಗದ ಕಬ್ಬಿಗೆ ಶಿಫಾರಸು ಎಕರೆಗೆ ಸುಮಾರು 100 ಕೆಜಿ, ಅಂದರೆ ಐದು ಚೀಲದ ಆಸುಪಾಸು. ಡಿಎಪಿ, ತಿಪ್ಪೆ ಗೊಬ್ಬರದ ಸಾರಜನಕ ಇದರೊಳಗೇ ಸೇರಬೇಕು. ಒಂದು ಚೀಲ ಪೂರ್ತಿ ನೈಟ್ರೇಟ್ ಆಗಿ ನೀರಿಗೆ ಇಳಿದರೆ ಸುಮಾರು 20 ಲಕ್ಷ ಲೀಟರ್ ಶುದ್ಧ ನೀರನ್ನು 45ರ ಮಿತಿಗೆ ಏರಿಸಬಲ್ಲದು. ಪೂರ್ತಿ ಇಳಿಯುವುದಿಲ್ಲ. ಬೆಳೆ ಹೀರುತ್ತದೆ, ಗಾಳಿಗೆ ಹೋಗುತ್ತದೆ. ಆದರೆ ಬೆಳೆಗೆ ಬೇಡವಾದ ಮೂರು ಚೀಲಕ್ಕೆ ಹೋಗಲು ಬೇರೆ ದಾರಿಗಳೂ ಕಡಿಮೆ.

ಯಾರೂ ಮಾಡದ ಇನ್ನೊಂದು ಲೆಕ್ಕವಿದೆ. ನಿಮ್ಮ ಬೋರಿನ ನೀರಿನಲ್ಲೇ ನೈಟ್ರೇಟ್ 78 ಇದ್ದರೆ ಪ್ರತಿ ಸಾವಿರ ಲೀಟರಿನಲ್ಲಿ 17.6 ಗ್ರಾಂ ಸಾರಜನಕವಿದೆ. ಎಕರೆಗೆ ವರ್ಷದಲ್ಲಿ ಒಂದು ಮೀಟರ್ ಎತ್ತರದ ನೀರು ಹಾಯಿಸಿದರೆ ಅದು 40 ಲಕ್ಷ ಲೀಟರ್. ಅದರೊಂದಿಗೆ 70 ಕೆಜಿ ಸಾರಜನಕ ಹೊಲ ಸೇರಿತು. ಮೂರು ಚೀಲಕ್ಕೂ ಹೆಚ್ಚು ಯೂರಿಯಾವನ್ನು ಮೋಟಾರೇ ಮೇಲೆತ್ತಿ ಕೊಡುತ್ತಿದೆ. ಅದೆಲ್ಲ ಬೆಳೆಗೆ ಸಿಗುವುದಿಲ್ಲವಾದ್ದರಿಂದ ಅರ್ಧ ಲೆಕ್ಕ ಹಿಡಿಯಿರಿ. ಆಗಲೂ ಒಂದೂವರೆ ಚೀಲ ಕಡಿಮೆ ಮಾಡಬಹುದು. ಅಂಜಿಕೆಯಿದ್ದರೆ ನಾಲ್ಕು ಸಾಲಿಗೆ ಮಾತ್ರ ಕಡಿಮೆ ಹಾಕಿ, ಕಟಾವಿನಲ್ಲಿ ಬೇರೆಯಾಗಿ ತೂಗಿ ನೋಡಿ.

ಹಾಕುವ ರೀತಿಯೂ ಮುಖ್ಯ. ನಾಟಿಯಲ್ಲಿ ಹತ್ತನೇ ಒಂದು ಭಾಗ ಸಾಕು, ಉಳಿದದ್ದನ್ನು ಮೂರು ಕಂತಿನಲ್ಲಿ ಹಾಕಿ ಬೋದು ಏರಿಸುವ ಹೊತ್ತಿಗೆ ಮುಗಿಸಿ. ಯೂರಿಯಾ ಹಾಕಿದ ಮೊದಲ ಎರಡು ಮೂರು ದಿನ ಅದು ಮಣ್ಣಿಗೆ ಅಂಟಿಕೊಳ್ಳದೆ ನೀರಿನ ಹಿಂದೆಯೇ ಓಡುತ್ತದೆ. ‘ಗೊಬ್ಬರ ಕರಗಲಿ’ ಎಂದು ಅಂದೇ ರಾತ್ರಿ ಕರೆಂಟ್ ಬಂದಾಗ ಸಾಲು ತುಂಬ ನೀರು ಬಿಟ್ಟು ಮಲಗಿದರೆ ಗೊಬ್ಬರ ಹಳ್ಳಕ್ಕೆ ಹೋಗುತ್ತದೆ. ಹಾಗೆಂದು ಮೇಲೆಯೇ ಚೆಲ್ಲಿ ಒಣ ಬಿಟ್ಟರೆ ನಮ್ಮ ಕ್ಷಾರದ ಎರೆ ಮಣ್ಣಿನಲ್ಲಿ ಅಮೋನಿಯಾ ಆಗಿ ಹಾರುತ್ತದೆ. ಮಣ್ಣು ಮುಚ್ಚಿ, ತೆಳುವಾಗಿ ನೀರು ಕೊಡಿ. ಹನಿ ನೀರಾವರಿ ಇದ್ದರೆ ವಾರಕ್ಕೊಮ್ಮೆ ಕೊಂಚ ಕೊಂಚ ಬಿಡುವುದು ಎಲ್ಲಕ್ಕಿಂತ ಮೇಲು. ಚೀಲ 266 ರೂಪಾಯಿಗೆ ಸಿಗುವವರೆಗೆ ಈ ಮಾತು ಕಿವಿಗೆ ಬೀಳುವುದು ಕಷ್ಟ ಎಂಬುದೂ ಗೊತ್ತು.

ಪ್ರಶ್ನೆ: ಕೆರೆಯ ಮೇಲಿನ ನೂರು ಎಕರೆಯಲ್ಲೂ ಗೋವಿನಜೋಳ. ಬಿತ್ತಿದ ಮರುದಿನ ಎಲ್ಲರೂ ಆಟ್ರಜಿನ್ (ಕಳೆನಾಶಕ, ನಾವು ಕಸದ ಎಣ್ಣೆ ಎನ್ನುವುದು) ಹೊಡೆಯುತ್ತಾರೆ. ಊರು ಕುಡಿಯುವುದು ಆ ಕೆರೆಯ ನೀರು. ಎಕರೆಗೆ ಅರ್ಧ ಕೆಜಿ ಪುಡಿಯಿಂದ ಅಷ್ಟು ದೊಡ್ಡ ಕೆರೆಗೆ ಏನಾದೀತು? (ಬೈಲಹೊಂಗಲ ತಾಲ್ಲೂಕು)

ಉತ್ತರ: ಲೆಕ್ಕ ಹಾಕಿಯೇ ನೋಡೋಣ. ಅರ್ಧ ಕೆಜಿ ಪುಡಿ ಶೇ 50ರದ್ದಾದರೆ ಅದರಲ್ಲಿ ಆಟ್ರಜಿನ್ 250 ಗ್ರಾಂ. ನೂರು ಎಕರೆಗೆ 25 ಕೆಜಿ. ಹೊಡೆದ ಬೆನ್ನಿಗೇ ಜೋರು ಮಳೆ ಬಂದು ಬರೀ ಶೇ 1ರಷ್ಟು ಹರಿದು ಹೋಯಿತೆನ್ನಿ, 250 ಗ್ರಾಂ. ಹತ್ತು ಎಕರೆ ಹರವು, ಸರಾಸರಿ ಎರಡು ಮೀಟರ್ ಆಳದ ಕೆರೆಯಲ್ಲಿ ಸುಮಾರು 8 ಕೋಟಿ ಲೀಟರ್ ನೀರು. ಭಾಗಿಸಿದರೆ ಲೀಟರಿಗೆ 3 ಮೈಕ್ರೋಗ್ರಾಂ ದಾಟುತ್ತದೆ. ಕುಡಿಯುವ ನೀರಿನಲ್ಲಿ ಆಟ್ರಜಿನ್ ಮಿತಿ 2 ಮೈಕ್ರೋಗ್ರಾಂ. ಜೂನಿನಲ್ಲಿ ಕೆರೆ ಕಾಲುಭಾಗ ಮಾತ್ರ ತುಂಬಿದ್ದರೆ 12ಕ್ಕೆ ಹೋಯಿತು.

ಇಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ಹೊಡೆದ ನಂತರದ ಮೊದಲ ಎರಡು ಮೂರು ಮಳೆಗಳು. ಬೇಸಿಗೆಯಲ್ಲಿ ಬಿರಿದ ಎರೆ ಭೂಮಿ ಮೊದಲ ಮಳೆಯನ್ನು ಬಿರುಕಿನಲ್ಲಿ ನುಂಗುತ್ತದೆ, ಅದರೊಂದಿಗೆ ನೈಟ್ರೇಟ್ ಆಳಕ್ಕೆ ಇಳಿಯುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಬೀಳುವ ಮಳೆ ಒಳಗೆ ಇಳಿಯಲಾರದೆ ಮೇಲೆಯೇ ಹರಿಯುತ್ತದೆ. ಬಿತ್ತನೆ, ಎಣ್ಣೆ ಹೊಡೆಯುವುದು ಸರಿಯಾಗಿ ಆ ಹೊತ್ತಿಗೆ. ಮಿರ್ಗದ ಮಳೆಗೆ ಬಿತ್ತಿ, ಆರಿದ್ರಾ ಮಳೆಗೆ ಕೆರೆ ಕುಡಿಯುವುದು ಎಂದರೆ ಇದೇ. ಮಣ್ಣಿನಲ್ಲಿ ಆಟ್ರಜಿನ್ ಅರ್ಧಕ್ಕಿಳಿಯಲು ಸುಮಾರು ಎರಡು ತಿಂಗಳು ಬೇಕು. ಪಿಎಚ್ 8 ದಾಟಿದ ನಮ್ಮ ಎರೆ ಮಣ್ಣಿನಲ್ಲಿ ಇನ್ನೂ ನಿಧಾನ. ಗ್ಲೈಫೊಸೇಟ್ ಎಂಬ ಇನ್ನೊಂದು ಕಳೆನಾಶಕದ ದಾರಿ ಬೇರೆ. ಅದು ಜೇಡಿಯ ಕಣಕ್ಕೆ ಗಟ್ಟಿಯಾಗಿ ಅಂಟಿ, ಮಣ್ಣು ಕೊಚ್ಚಿಹೋದರೆ ಮಾತ್ರ ಜತೆಗೆ ಹೋಗುತ್ತದೆ. ಹಾಗಿರುವಾಗ ಕೆರೆ ಒಡ್ಡಿನ ಮೇಲಿನ ಹುಲ್ಲನ್ನೇ ಗ್ಲೈಫೊಸೇಟ್ ಹೊಡೆದು ಸುಡುವುದು ಎರಡು ಪಟ್ಟು ತಪ್ಪು. ಎಣ್ಣೆಯೂ ಕೆರೆಗೆ, ಒಡ್ಡಿನ ಮಣ್ಣೂ ಕೆರೆಗೆ.

ಮಾಡಬೇಕಾದ್ದು ಇಷ್ಟು. 48 ಗಂಟೆಯೊಳಗೆ ಜೋರು ಮಳೆಯ ಮುನ್ಸೂಚನೆ ಇದ್ದರೆ ಹೊಡೆಯಬೇಡಿ. ಹೊಲದ ತುಂಬ ಹೊಡೆಯುವ ಬದಲು ಬೀಜದ ಸಾಲಿನ ಮೇಲೆ ಒಂದು ಗೇಣು ಅಗಲದ ಪಟ್ಟಿಗಷ್ಟೇ ಹೊಡೆದು, ನಡುವೆ ಎಡೆಕುಂಟೆ ಹೊಡೆಯಿರಿ. ಎರಡು ಅಡಿ ಸಾಲಿಗೆ ಎಣ್ಣೆ ಅರ್ಧಕ್ಕೂ ಕೆಳಗೆ ಇಳಿಯುತ್ತದೆ, ಖರ್ಚೂ ಇಳಿಯುತ್ತದೆ. ಹಳ್ಳದ ಎರಡೂ ದಂಡೆಗೆ ಹತ್ತು ಮೀಟರ್ ಅಗಲ ಹುಲ್ಲು ಬಿಡಿ. ಗರಿಕೆ ಇದ್ದರೆ ಅದೇ ಸಾಕು, ಮೇವು ಬೇಕೆಂದರೆ ನೇಪಿಯರ್. ಆದರೆ ಹೊಲದ ನೀರೆಲ್ಲ ಒಂದು ಮೂಲೆಯಿಂದ ಕೊರಕಲು ಬಿದ್ದು ಇಳಿಯುತ್ತಿದ್ದರೆ ಹುಲ್ಲಿನ ಪಟ್ಟಿ ಬರೀ ಅಲಂಕಾರ. ಆ ಮೂಲೆಗೆ ಕಲ್ಲು ಒಡ್ಡು ಹಾಕಿ ನೀರನ್ನು ಅಗಲಕ್ಕೆ ಹರಡಿಸಬೇಕು. ಪಂಚಾಯ್ತಿಗೆ ಇನ್ನೊಂದು ಮಾತು: ಬೇರೆ ಮೂಲ ಇರುವ ಊರು ಎಣ್ಣೆ ಹೊಡೆದ ನಂತರದ ಮೊದಲ ದೊಡ್ಡ ಹರಿವಿನಲ್ಲಿ ಒಂದೆರಡು ವಾರ ಕೆರೆಯ ಪಂಪ್ ನಿಲ್ಲಿಸುವುದು ಒಳ್ಳೆಯದು.

ಫೀಲ್ಡ್ ಕಿಟ್ ಕಳೆನಾಶಕ ತೋರಿಸುವುದಿಲ್ಲ. ಸಾಮಾನ್ಯ ವರದಿಯಲ್ಲಿ ‘ಕುಡಿಯಲು ಯೋಗ್ಯ’ ಎಂದಿದ್ದರೂ ಅದನ್ನು ಯಾರೂ ನೋಡಿರುವುದಿಲ್ಲ. ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆಯ, ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಪ್ರಯೋಗಾಲಯ ಬೇಕು. ಕಂದು ಬಣ್ಣದ ಒಂದು ಲೀಟರ್ ಗಾಜಿನ ಬಾಟಲಿ ಅವರಿಂದಲೇ ತರಿಸಿ, ಪ್ಲಾಸ್ಟಿಕ್ ಬೇಡ. ಮಂಜುಗಡ್ಡೆಯಲ್ಲಿಟ್ಟು ಮರುದಿನವೇ ತಲುಪಿಸಿ. ಹೆಸರು ಹಿಡಿದು ಕೇಳಿ: ಆಟ್ರಜಿನ್, ಅದು ಒಡೆದು ಆಗುವ ಡೀಸ್‌ಈಥೈಲ್ ಆಟ್ರಜಿನ್. 2,4-ಡಿ (ಇದೂ ಒಂದು ಕಳೆನಾಶಕ) ಮತ್ತು ಗ್ಲೈಫೊಸೇಟಿಗೆ ಪರೀಕ್ಷಾ ವಿಧಾನಗಳೇ ಬೇರೆ, ಕೇಳದಿದ್ದರೆ ಮಾಡುವುದಿಲ್ಲ. ಹಣ ಒಂದೇ ಪರೀಕ್ಷೆಗಿದ್ದರೆ ಅದನ್ನು ಎಣ್ಣೆ ಹೊಡೆದ ಮೇಲಿನ ಮೊದಲ ದೊಡ್ಡ ಹರಿವಿಗೆ ಉಳಿಸಿ. ಜನವರಿಯಲ್ಲಿ ಮಾಡಿಸಿದ ಪರೀಕ್ಷೆ ಸಮಾಧಾನಕ್ಕಷ್ಟೇ.

ಪ್ರಶ್ನೆ: ಎಣ್ಣೆ ಹೊಡೆಯುವ ಪಂಪ್ ತೊಳೆಯಲು ಹಳ್ಳ ಬಿಟ್ಟರೆ ನೀರೆಲ್ಲಿದೆ? (ಚಿಕ್ಕೋಡಿ ತಾಲ್ಲೂಕು)

ಉತ್ತರ: ಹೊಲಕ್ಕೆ ಒಂದು ಕೊಡ ನೀರು ಹೆಚ್ಚಿಗೆ ಒಯ್ಯಿರಿ. ಶೇ 50ರ ಆಟ್ರಜಿನ್ ಪುಡಿ ಎರಡು ಗ್ರಾಂನಷ್ಟು, ಅಂದರೆ ಟ್ಯಾಂಕಿನ ತಳಕ್ಕೆ ಅಂಟಿದ ರಾಡಿ, 5 ಲಕ್ಷ ಲೀಟರ್ ನೀರನ್ನು ಮಿತಿಗೆ ತರುತ್ತದೆ. 16 ಲೀಟರ್ ಪಂಪಿಗೆ ನಾಲ್ಕು ಲೀಟರ್ ಹಾಕಿ, ಮುಚ್ಚಿ ಅಲುಗಾಡಿಸಿ, ನಾಜಲ್ ಮೂಲಕವೇ ಹೊಲದ ಹೊಡೆಯದ ಮೂಲೆಗೆ ಸಿಂಪಡಿಸಿ. ಇದನ್ನೇ ಮೂರು ಸಲ ಮಾಡಿ. ಖಾಲಿ ಡಬ್ಬಿಯನ್ನೂ ಮೂರು ಸಲ ಜಾಲಾಡಿಸಿ, ಆ ನೀರನ್ನು ಎಣ್ಣೆ ಕಲಸುವಾಗಲೇ ಪಂಪಿಗೆ ಸುರಿಯಿರಿ. ಕೊನೆಗೆ ಡಬ್ಬಿಗೆ ತೂತು ಹೊಡೆಯಿರಿ, ಇಲ್ಲವಾದರೆ ಯಾರೋ ಅದರಲ್ಲಿ ನೀರು ತುಂಬಿಡುತ್ತಾರೆ. ಎಣ್ಣೆ ಕಲಸುವ ಜಾಗ ಬೋರು, ಬಾವಿ, ಹಳ್ಳದಿಂದ 30 ಮೀಟರ್ ಆಚೆಗಿರಲಿ. ಪೈಪನ್ನು ಎಣ್ಣೆಯ ಬ್ಯಾರಲ್ಲಿನೊಳಗೆ ಮುಳುಗಿಸಿ ಬೋರಿನಿಂದ ನೀರು ತುಂಬಬೇಡಿ. ಕರೆಂಟ್ ಹೋದರೆ ಬ್ಯಾರಲ್ಲಿನದು ಹಿಂದಕ್ಕೆ ಎಳೆದು ಬೋರಿಗೆ ಇಳಿಯುತ್ತದೆ.

ಪ್ರಶ್ನೆ: ಕೃಷಿಹೊಂಡದ ನೀರು ಬಿಟ್ಟ ಮೇಲೆ ದ್ರಾಕ್ಷಿ ಎಲೆ ಬೀಸಣಿಗೆಯಂತೆ ಮಡಚಿ, ನರ ಒತ್ತೊತ್ತಾಗಿದೆ. ನೀರಿನ ದೋಷವೇ? (ತಿಕೋಟಾ)

ಉತ್ತರ: ಲಕ್ಷಣ 2,4-ಡಿಯದು. ನೀರಿಗಿಂತ ಗಾಳಿಯ ಮೇಲೆ ಅನುಮಾನ ಹೆಚ್ಚು. ಈಥೈಲ್ ಎಸ್ಟರ್ ರೂಪದ 2,4-ಡಿ ಬಿಸಿಲಿಗೆ ಆವಿಯಾಗಿ ಪಕ್ಕದ ಹೊಲಗಳನ್ನು ದಾಟುತ್ತದೆ. ಗಾಳಿ ಬೀಸಿದ ಬದಿಯ ಸಾಲುಗಳೇ ಹೆಚ್ಚು ಕೆಟ್ಟಿದ್ದರೆ ಅದೇ ಕಾರಣ. ತೋಟದ ತುಂಬ ಒಂದೇ ಸಮ ಕೆಟ್ಟಿದ್ದರೆ ಹೊಂಡದ ನೀರು ಪರೀಕ್ಷಿಸಿ. ಹೊಂಡಕ್ಕೆ ನೆರೆಹೊಲದ ಹರಿವು ಬರುತ್ತದೆಯೇ, ಅದರಲ್ಲಿ ಯಾರಾದರೂ ಪಂಪ್ ತೊಳೆದರೇ ವಿಚಾರಿಸಿ. ಪಕ್ಕದ ಕಬ್ಬಿನವರು ಹೊಡೆಯಲೇಬೇಕೆಂದರೆ ಅಮೈನ್ ಉಪ್ಪಿನ ರೂಪ ಬಳಸಲಿ, ಬೆಳಗಿನ ತಂಪಿನಲ್ಲಿ.

ಪ್ರಶ್ನೆ: ಕಾಲುವೆಯಿಂದ ತುಂಬಿಸಿದ ನಮ್ಮ ಕೆರೆ ಮಾರ್ಚಿನಿಂದ ಹಸಿರು ಬಣ್ಣ ಕಲಸಿದಂತಾಗಿದೆ. ಮೈಲುತುತ್ತ ಹಾಕಿಸಬೇಕೆಂದು ಪಂಚಾಯ್ತಿಯಲ್ಲಿ ಮಾತು ನಡೆದಿದೆ. (ಬಸವನ ಬಾಗೇವಾಡಿ ತಾಲ್ಲೂಕು)

ಉತ್ತರ: ಮೊದಲು ಯಾವ ಪಾಚಿ ಎಂದು ನೋಡಿ. ಗಾಜಿನ ಬಾಟಲಿಯ ಮುಕ್ಕಾಲು ತುಂಬ ನೀರು ಹಿಡಿದು ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ಹಸಿರು ತಳಕ್ಕೆ ಕುಳಿತಿದ್ದರೆ ಸಾಮಾನ್ಯ ಪಾಚಿ. ಮೇಲೆ ಉಂಗುರದಂತೆ ತೇಲಿ ನಿಂತಿದ್ದರೆ ನೀಲಿ-ಹಸಿರು ಪಾಚಿಯ ಅನುಮಾನ ಬಲವಾಯಿತು. ಇದರ ಕೆಲವು ಜಾತಿಗಳು ಯಕೃತ್ತನ್ನು ಕೆಡಿಸುವ ಮೈಕ್ರೊಸಿಸ್ಟಿನ್ ವಿಷ ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಕುದಿಸಿದರೂ ಹೋಗುವುದಿಲ್ಲ. ವಿಷ ಬಹುಪಾಲು ಪಾಚಿಯ ಕೋಶದೊಳಗೇ ಇರುತ್ತದೆ. ಮೈಲುತುತ್ತವೋ ಬ್ಲೀಚಿಂಗ್ ಪೌಡರೋ ಹಾಕಿ ಕೊಂದರೆ ಕೋಶ ಒಡೆದು ಎಲ್ಲವೂ ಒಮ್ಮೆಲೇ ನೀರಿಗೆ. ನೀರು ತಿಳಿಯಾಗಿ ಕಾಣುವ ಆ ವಾರವೇ ಅಪಾಯದ ವಾರ. ಆದ್ದರಿಂದ ಮೈಲುತುತ್ತ ಬೇಡ.

ಈಗ ಮಾಡಬಹುದಾದದ್ದು: ಪಂಪಿನ ಬಾಯಿಯನ್ನು ಮೇಲ್ಪದರದಿಂದ ಕನಿಷ್ಠ ಒಂದೂವರೆ ಮೀಟರ್ ಕೆಳಗಿಡಿ, ತಳದ ಕೆಸರಿನಿಂದ ಅರ್ಧ ಮೀಟರ್ ಮೇಲಿರಲಿ. ಗಾಳಿಗೆ ಒಂದು ದಂಡೆಗೆ ಬಂದು ಕೂಡುವ ಕೆನೆಯನ್ನು ಬಟ್ಟೆಯಿಂದ ಎಳೆದು ತೆಗೆಯಿರಿ, ಕೈಗವಸು ಹಾಕಿಕೊಂಡು. ಆ ದಂಡೆಗೆ ದನ ಬಿಡಬೇಡಿ, ಕೆನೆ ಕುಡಿದ ದನ ಒಂದೇ ದಿನದಲ್ಲಿ ಸಾಯಬಹುದು.

ಮುಂದಿನ ವರ್ಷಕ್ಕೆ ಪಾಚಿಯನ್ನು ಬೆಳೆಸುವ ರಂಜಕದ ಬಾಗಿಲು ಮುಚ್ಚಬೇಕು. ಲೀಟರಿಗೆ 0.03 ಮಿಲಿಗ್ರಾಂ ಒಟ್ಟು ರಂಜಕ ದಾಟಿದ ಕೆರೆ ಹಸಿರಾಗಲು ಸಿದ್ಧ. ಡಿಎಪಿ ಗೊಬ್ಬರವನ್ನು ಕೈಯಿಂದ ಚೆಲ್ಲಿದರೆ ಅದರ ರಂಜಕ ಮೇಲ್ಮಣ್ಣಿನ ಸುಣ್ಣಕ್ಕೆ ಅಂಟಿ, ಮಣ್ಣಿನ ಜತೆ ಕೆರೆಗೆ ಬರುತ್ತದೆ. ಕೂರಿಗೆಯಿಂದ ಎರಡು ಇಂಚು ಆಳಕ್ಕೆ ಬಿತ್ತಿದರೆ ಅಲ್ಲೇ ಉಳಿಯುತ್ತದೆ, ಬೆಳೆಗೂ ಹೆಚ್ಚು ಸಿಗುತ್ತದೆ. ನೀರು ಒಳಬರುವ ಬಾಯಿಗೆ ಹೂಳುಗುಂಡಿ, ಅದರ ಮುಂದೆ ಜೊಂಡು. ಕೆರೆ ಇಳಿದಾಗ ಹೂಳು ತೆಗೆದು ಹೊಲಕ್ಕೆ ಹಾಕುವ ಹಳೆಯ ರೂಢಿ ರಂಜಕವನ್ನು ಗಾಡಿಗಟ್ಟಲೆ ಹೊರಹಾಕುತ್ತಿತ್ತು. ಅದನ್ನು ಮತ್ತೆ ಹಿಡಿಯಿರಿ. ಆದರೆ ತೆಗೆದ ಹೂಳನ್ನು ದಂಡೆಯ ಮೇಲೆಯೇ ಗುಡ್ಡೆ ಹಾಕಿದರೆ ಮೊದಲ ಮಳೆಗೆ ವಾಪಸು ಕೆರೆಗೇ.

ಪ್ರಶ್ನೆ: ಪಟಿಕ, ತಾಮ್ರದ ಕೊಡ, ಕ್ಯಾಂಡಲ್ ಫಿಲ್ಟರ್, ಯುವಿ: ಇವುಗಳಲ್ಲಿ ಯಾವುದರಿಂದ ನೈಟ್ರೇಟ್ ಹೋಗುತ್ತದೆ? (ಗೋಕಾಕ)

ಉತ್ತರ: ಯಾವುದರಿಂದಲೂ ಇಲ್ಲ.

ಪ್ರಶ್ನೆ: ಊರಲ್ಲಿ ಐದು ರೂಪಾಯಿ ಹಾಕಿದರೆ 20 ಲೀಟರ್ ಕೊಡುವ ಶುದ್ಧ ನೀರಿನ ಘಟಕವಿದೆ. ನೈಟ್ರೇಟ್, ಕಳೆನಾಶಕ ಎರಡೂ ಹೋಗುತ್ತವೆಯೇ? (ಬೀಳಗಿ ತಾಲ್ಲೂಕು)

ಉತ್ತರ: ಹೋಗಬೇಕು, ಘಟಕ ಸರಿಯಿದ್ದರೆ. ಕಳೆನಾಶಕವನ್ನು ಹೆಚ್ಚಾಗಿ ಹಿಡಿಯುವುದು ಕಾರ್ಬನ್ ಕೊಳವೆ ಮತ್ತು ಮೆಂಬ್ರೇನ್ (ಆರ್‌ಒದೊಳಗಿನ, ಉಪ್ಪನ್ನು ತಡೆಯುವ ಸೂಕ್ಷ್ಮ ಪೊರೆ), ನೈಟ್ರೇಟನ್ನು ಮೆಂಬ್ರೇನ್ ಮಾತ್ರ. ಕಾರ್ಬನ್ ತುಂಬಿದ ಮೇಲೆ ಬದಲಿಸದಿದ್ದರೆ ಹಿಡಿದದ್ದನ್ನೂ ಬಿಡತೊಡಗುತ್ತದೆ. ಆಪರೇಟರ್ ತೋರಿಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಉಪ್ಪು) ಮೀಟರನ್ನು ನಂಬಿ ಕೂರಬೇಡಿ. ಮೆಂಬ್ರೇನ್ ಹಳೆಯದಾದಂತೆ ಉಳಿದ ಉಪ್ಪುಗಳಿಗಿಂತ ಮೊದಲು ನೈಟ್ರೇಟ್ ಸೋರುತ್ತದೆ, ಟಿಡಿಎಸ್ ಚೆನ್ನಾಗಿಯೇ ಕಾಣುತ್ತಿರುತ್ತದೆ. ಇನ್ನೊಂದು ತೊಂದರೆ ಬೈಪಾಸ್ ವಾಲ್ವ್. ‘ನೀರು ಸಪ್ಪೆ’ ಎಂದು ಜನ ದೂರಿದಾಗ ಹಸಿ ಬೋರ್ ನೀರನ್ನು ಕೊಂಚ ಬೆರೆಸಲು ಅದನ್ನು ತೆರೆಯುತ್ತಾರೆ. ರುಚಿಯ ಜತೆ ನೈಟ್ರೇಟೂ ವಾಪಸು ಬರುತ್ತದೆ. ಮೆಂಬ್ರೇನಿನ ನಂತರದ ಪೈಪಿಗೆ ಸೇರುವ ಆ ಸಣ್ಣ ವಾಲ್ವ್ ಎಲ್ಲಿದೆ ಎಂದು ಕೇಳಿ, ಮುಚ್ಚಿಸಿ, ತಿಂಗಳಿಗೊಮ್ಮೆ ನಲ್ಲಿಯ ನೀರಿನ ನೈಟ್ರೇಟನ್ನು ಕಿಟ್‌ನಲ್ಲಿ ನೋಡಿ.

ಹೊರಬೀಳುವ ನೀರನ್ನೂ ನೋಡಿ. ಒಳಗೆ ಹೋದ ನೀರಿನಲ್ಲಿ 78 ಇದ್ದು, ಅರ್ಧ ನೀರು 10ರಂತೆ ಶುದ್ಧವಾಗಿ ಬಂದರೆ, ಉಳಿದರ್ಧ 146 ಆಗಿ ಹೊರಬೀಳುತ್ತದೆ. ಅದನ್ನು ಘಟಕದ ಹಿಂದೆಯೇ ಇಂಗುಗುಂಡಿಗೆ ಬಿಟ್ಟರೆ ಅದೇ ಬೋರಿಗೆ ಇಳಿದು ವರ್ಷದಿಂದ ವರ್ಷಕ್ಕೆ ಏರುತ್ತದೆ. ಪೈಪಿನಿಂದ ನೂರು ಮೀಟರ್ ಆಚೆ ಒಯ್ದು ನೇಪಿಯರ್ ಹುಲ್ಲಿನ ಮಡಿಗೆ ಬಿಡಿ, ಹುಲ್ಲು ಸಾರಜನಕ ಹೀರಿಕೊಳ್ಳುತ್ತದೆ. ಉಪ್ಪೂ ಜತೆಗಿರುವುದರಿಂದ ಒಂದೇ ಮಡಿಗೆ ವರ್ಷವಿಡೀ ಬಿಟ್ಟರೆ ಎರೆ ಮಣ್ಣು ಸವುಳಾಗುತ್ತದೆ. ಮೂರು ಮಡಿ ಮಾಡಿ, ತಿಂಗಳಿಗೊಂದಕ್ಕೆ ತಿರುಗಿಸಿ. ಆ ಮೇವನ್ನು ಒಣ ಬರದಲ್ಲಿ ಹಸಿಯಾಗಿ ಒಂದೇ ಸಲ ಹೊಟ್ಟೆ ತುಂಬ ಹಾಕಬೇಡಿ. ಮೇವಿನ ನೈಟ್ರೇಟ್, ಕುಡಿಯುವ ನೀರಿನ ನೈಟ್ರೇಟ್ ಎರಡೂ ದನದ ಹೊಟ್ಟೆಯಲ್ಲಿ ಕೂಡುತ್ತವೆ. ಒಣ ಕಣಿಕಿಯೊಂದಿಗೆ ಬೆರೆಸಿ ಕೊಡಿ.